ಕಪಾಟಿನ ಹಿಂದಿನ ಹಸಿ ಗೋಡೆ

ನನ್ನ ಎದೆ ಕೆಟ್ಟದ್ದು ನಾನು ಮಲಗುವ ಕೋಣೆಯ ಗೋಡೆ ಕಪಾಟಿನಿಂದ. ಇದು ಗೊತ್ತಾಗುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಬಹಳ ತಿಂಗಳು ನಾನು ತಪ್ಪನ್ನು ಸೊಸೆಯ ಕೈಮೇಲೆ ಹೊರಿಸಿದೆ. ಅವಳು ಊಟದಲ್ಲಿ ನನಗೆ ಮದ್ದು ಹಾಕುತ್ತಾಳೆ ಎಂದು ಬೇರೆಯವರು ಆಡಿದಾಗ ಸುಮ್ಮನಿದ್ದೆ. ಆಮೇಲೆ ನಾನೇ ಆಡಿದೆ.

ಈಗ ಉಸಿರು ಮೊದಲಿನಷ್ಟು ಅಲ್ಲದಿದ್ದರೂ ಸಾಕಷ್ಟು ಬಂದಿದೆ. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಒಂದೇ ಕಡೆ ನಿಂತು ದಣಿವಾರಿಸಿಕೊಂಡು ನಡೆದು ಬರುತ್ತೇನೆ. ಕಾರಣ ಗೊತ್ತಾಗದ ಕೆಮ್ಮಿನಿಂದ ಸೋತವರಿಗೆ ಸ್ವಲ್ಪ ಧೈರ್ಯ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಸೊಸೆಯ ಬಗ್ಗೆ ನಾನು ಆಡಿದ ಮಾತು ಎಷ್ಟು ಊರು ಮುಟ್ಟಿದೆಯೋ ನನಗೆ ಗೊತ್ತಿಲ್ಲ. ಅಷ್ಟು ದೂರ ನನ್ನ ಕಾಲು ಹೋಗಲಾರವು. ಕಾಗದ ಹೋದೀತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿ ಸೇರಿದೆ. ಮುದುಕನಾಗುವವರೆಗೆ ಅಲ್ಲೇ ದುಡಿದೆ. ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿ, ಕಾಯಿ ಆರಿದೆಯೋ ಹಸಿ ಇದೆಯೋ ಹೇಳುವುದು ನನ್ನ ಕೆಲಸ. ಮೇಲೆ ಕೆಂಪಗೆ ಕಂಡರೂ ನಡುವೆ ತೇವ ಇದ್ದರೆ ಕೈಗೆ ತಿಳಿಯುತ್ತದೆ. ತೇವ ಇದ್ದಲ್ಲಿ ನಾಲ್ಕು ದಿನಕ್ಕೆ ಬೂಸರು ಬರುತ್ತದೆ. "ನಿಂಗಪ್ಪನ ಕೈ ಸುಳ್ಳು ಹೇಳೂದಿಲ್ಲ" ಎಂದು ರೈತರೂ ಖರೀದಿದಾರರೂ ಅನ್ನುತ್ತಿದ್ದರು. ಆ ಮಾತು ನನ್ನ ತಲೆಗೇರಿತ್ತು. ತೇವದ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳುವುದು ಏನೂ ಇಲ್ಲ ಎಂದು ನಂಬಿದ್ದೆ.

ಮಗ ಮಂಜುವಿನ ಮದುವೆಯ ಮೊದಲು, ನನ್ನ ಕೋಣೆಯ ಗೋಡೆಗೆ ಹೊಂದಿಸಿ ಆಚೆ ಕಡೆ ಒಂದು ಬಚ್ಚಲುಮನೆ ಕಟ್ಟಿಸಿದೆ. ಕಟ್ಟಿದವರು ಗೌಸುಸಾಬರು. ನಮ್ಮ ಓಣಿಯ ಅರ್ಧ ಮನೆಗಳು ಅವರ ಕೈಯವೇ. ಗೋಡೆಯೊಳಗೆ ನೀರಿನ ಪೈಪು ಕೂಡಿಸಿದ ದಿನ ಅವರು ಕೆಲಸ ನಿಲ್ಲಿಸಿದರು.

"ನೀರು ಬಿಟ್ಟು ಎರಡು ದಿನ ನೋಡೂಣ್ರಿ ನಿಂಗಪ್ಪಾರ. ಜೋಡು ಹನಸ್ತೈತೋ ಇಲ್ಲೋ ನೋಡ್ಕೊಂಡು ಆಮ್ಯಾಲೆ ಗಿಲಾವ್ ಹೊಡೀತೇನಿ."

"ನಾಡದು ಬೀಗರು ಬರ್ತಾರ. ಮುಚ್ಚಿ ಟೈಲ್ಸ್ ಹಚ್ಚಪಾ. ಹಸಿ ಯಾವ್ದು, ಆರಿದ್ದು ಯಾವ್ದು, ನನಗ ಕಲಸ್ತಿ?"

"ಮೆಣಸಿನಕಾಯಿ ಬ್ಯಾರೆ ರೀ, ಗ್ವಾಡಿ ಬ್ಯಾರೆ."

ನಾನು ನಕ್ಕೆ. ಅವರು ನಗಲಿಲ್ಲ. ಹೇಳಿದಂತೆ ಮುಚ್ಚಿದರು.

ಮುಂದಿನ ಮಳೆಗಾಲದಲ್ಲಿ ಕಪಾಟಿನ ಒಳಗೋಡೆಯ ಮೇಲೆ ಕೈಯಗಲದ ಕಲೆ ಎದ್ದಿತು. ತಿಂಗಳೊಳಗೆ ಅದು ತಟ್ಟೆಯಷ್ಟಾಯಿತು, ಮೇಲೆ ಕಪ್ಪು ಚುಕ್ಕೆ ಬಂದವು. ಮದುವೆಯಲ್ಲಿ ಹಾಕಿದ ಕೋಟಿನ ಬೆನ್ನಿಗೆ ಬೂದಿ ಬಣ್ಣದ ರೋಮ ಹತ್ತಿತ್ತು. ಗೌಸುಸಾಬರನ್ನು ಕರೆಸಿದರೆ ಹೊಸ ಟೈಲ್ಸ್ ಒಡೆಯಬೇಕು. ಅದಕ್ಕಿಂತ ಹೆಚ್ಚಾಗಿ, ಅವರ ಮುಂದೆ ನಿಲ್ಲಬೇಕು. ನಾನು ಕೋಟನ್ನು ಒರೆಸಿ ಮತ್ತೆ ಅಲ್ಲೇ ತೂಗುಹಾಕಿದೆ. ಬಡಿಗನನ್ನು ಕರೆಸಿ ಕಲೆಯ ಮೇಲೆ ಒಂದು ಪ್ಲೈವುಡ್ ಹಲಗೆ ಬಡಿಸಿ ಬಣ್ಣ ಹಚ್ಚಿಸಿದೆ. ಹೆಂಡತಿ ಶಾಂತವ್ವ ಕೇಳಿದಾಗ, "ಕಪಾಟ ಚಂದ ಕಾಣ್ಲಿ ಅಂತ" ಅಂದೆ. ಅವಳು ಬಹಳ ವರ್ಷಗಳಿಂದ ನನ್ನ ಗೊರಕೆಗೆ ಬೇಸತ್ತು ಪಡಸಾಲೆಯಲ್ಲಿ ಮಲಗುತ್ತಿದ್ದಳು. ಹೀಗಾಗಿ ಕಪಾಟಿರುವ ಆ ಕೋಣೆಯ ಗಾಳಿ ಕುಡಿಯುವವನು ನಾನೊಬ್ಬನೇ ಆದೆ.

ಕೆಮ್ಮು ಶುರುವಾದದ್ದು ಆ ಚಳಿಗಾಲದಲ್ಲಿ. ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಮಾರುಕಟ್ಟೆಯ ದಿನಗಳಲ್ಲಿ ಬಸ್ಸಿನಿಂದ ಇಳಿಯುವವರೂ ಸೀನುತ್ತಲೇ ಇಳಿಯುತ್ತಾರೆ. "ಘಾಟು" ಅಂದೆ, ಉಳಿದವರೂ ಅದನ್ನೇ ಅಂದರು. ಆದರೆ ಸಂಜೆ ಮೈ ಬಿಸಿಯಾಗತೊಡಗಿತು. ಸ್ನಾನ ಮಾಡಿ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಏದುಸಿರು. ಧೋತರ ಸೊಂಟದಿಂದ ಜಾರತೊಡಗಿತು.

ಹಾವೇರಿಯಲ್ಲಿ ಎದೆಯ ಫೋಟೋ ತೆಗೆಸಿ, ಕಫ ಪರೀಕ್ಷೆಗೆ ಕೊಟ್ಟೆವು. ಚೀಟಿ ಬರೆಯುವಾಕೆ ಯಾವ ಊರು ಎಂದಳು. ಬ್ಯಾಡಗಿ ಎಂದೆ. ಸಾಲಿನಲ್ಲಿದ್ದ ಒಬ್ಬ, "ಅಜ್ಜಾ, ನಿನಗ ಔಷಧ ಬ್ಯಾಡ, ಊರು ಬಿಡು ಸಾಕು" ಎಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಕ್ಕವರಿಗೆಲ್ಲ ಕೆಮ್ಮು ಬಂತು. ಆ ಹೆದರಿಕೆಯ ನಡುವೆಯೂ ನನಗೆ ಅದು ಹಿತವಾಗಿತ್ತು. ಕ್ಷಯ ಇರಬಹುದೇ ಎಂದು ನೋಡುತ್ತಿದ್ದಾರೆ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು, ಯಾರೂ ಆ ಹೆಸರು ಎತ್ತಲಿಲ್ಲ.

ವರದಿ ಬರುವವರೆಗೆ ಶಾಂತವ್ವ ನನ್ನ ತಾಟು, ಲೋಟ ಬೇರೆ ಇಟ್ಟಳು. ಅದನ್ನು ತೆಗೆದದ್ದು ಸೊಸೆ ಸುಜಾತಾ. "ಕೆಮ್ಮುವಾಗ ಮಾಸ್ಕ್ ಹಾಕ್ಕೊಳ್ರಿ ಮಾವಾರ. ತಾಟು ಬ್ಯಾರೆ ಬ್ಯಾಡ ಅತ್ತಿ, ಬಿಸಿನೀರಾಗ ನಾ ತಿಕ್ಕತೇನಿ" ಎಂದು ಎಲ್ಲವನ್ನೂ ಒಟ್ಟಿಗೇ ತೊಳೆದಿಟ್ಟಳು.

ಅವಳ ಬಗ್ಗೆ ಹೇಳಬೇಕು. ಸುಜಾತಾ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಪರೀಕ್ಷಾ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ನೂರು ಬೀಜ ಎಣಿಸಿ ತೇವದ ಕಾಗದದಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು, ಎಷ್ಟಕ್ಕೆ ಬೂಸರು ಬಂತು ಎಂದು ಬರೆದಿಡುವುದು ಅವಳ ದಿನದ ಕೆಲಸ. ಮಂಜು ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಇರುತ್ತಾನೆ. ಹೀಗಾಗಿ ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ನನಗೂ ಅತ್ತೆಗೂ ಮುಚ್ಚಿಟ್ಟು ಏಳೂವರೆಯ ಬಸ್ಸಿಗೆ ಓಡುವವಳು ಅವಳೇ. ಮಾತು ಕಡಿಮೆ. ಹೊಸದರಲ್ಲಿ ಅದನ್ನು ನಾನು ಸೊಕ್ಕು ಅಂದುಕೊಂಡಿದ್ದೆ.

ಕಫದಲ್ಲಿ ಏನೂ ಇರಲಿಲ್ಲ. ಮನೆಯವರೆಲ್ಲ ಕೈ ಮುಗಿದರು. ಆದರೆ ಕೆಮ್ಮು ಹಾಗೇ ಇತ್ತು. ಗುಳಿಗೆ ಬದಲಾದವು, ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಬಂತು. ತಿಂಗಳುಗಳು ಹೋದವು.

ಆಗ ನನ್ನ ಅಕ್ಕ ಈರವ್ವನ ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ ಅಗಡಿಗೆ ಹೋದೆ. ಅಕ್ಕ ಬಿಡಲಿಲ್ಲ, ಎಂಟು ದಿನ ಉಳಿದೆ. ಮೂರನೆಯ ದಿನಕ್ಕೆ ಜ್ವರ ಬರಲಿಲ್ಲ. ಐದನೆಯ ದಿನ ಹೊಲದವರೆಗೆ ನಡೆದು ಹೋಗಿ ಬಂದೆ. ಎರಡು ರೊಟ್ಟಿ ಉಣ್ಣುವವನು ಮೂರು ಉಂಡೆ. ಅಕ್ಕ ಕಟ್ಟೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

"ತಮ್ಮಾ, ಇಲ್ಲಿ ಬಂದ್ರ ಮನಿಷ್ಯಾ ಆಗ್ತಿ. ಅಲ್ಲಿ ಹೋದ್ರ ಹಾಸಿಗಿ ಹಿಡೀತಿ. ಅಲ್ಲೆ ಯಾರ ಕೈಯಾಂದು ಉಣ್ತಿ?"

"ಸೊಸೀದು."

"ಯಾವಾಗಿಂದ?"

"ಮದುವ್ಯಾದಾಗಿಂದ."

"ಕೆಮ್ಮು ಯಾವಾಗಿಂದ?"

ನಾನು ಲೆಕ್ಕ ಹಾಕಿದೆ. ಮದುವೆಯಾದ ವರ್ಷವೇ ಕೆಮ್ಮು ಬಂದಿತ್ತು. ನಮ್ಮ ಕಡೆ ವಾಸಿಯಾಗದ ಕೆಮ್ಮಿಗೆ, ಇಳಿಯುವ ಮೈಗೆ ಒಂದು ಹಳೆಯ ಉತ್ತರವಿದೆ: ಯಾರೋ ಊಟದಲ್ಲಿ ಕೈಮದ್ದು ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತಿದೆ, ವಾಂತಿ ಮಾಡಿಸಿ ತೆಗೆಸಬೇಕು. ತೆಗೆಸುವವರು ಅಲ್ಲಲ್ಲಿ ಇದ್ದಾರೆ. ಅಕ್ಕ ನನ್ನನ್ನು ಅಂಥ ಒಬ್ಬರ ಮನೆಗೆ ಕರೆದುಕೊಂಡು ಹೋದಳು. ಊರಿನ ಹೆಸರು ಬೇಡ. ಹಸಿರು ಕಷಾಯ ಕುಡಿಸಿದರು. ಕರುಳು ಬಾಯಿಗೆ ಬರುವಂತೆ ವಾಂತಿಯಾಯಿತು. ಬೋಗುಣಿಯಲ್ಲಿ ಕಡ್ಡಿಯಿಂದ ಏನೋ ಕಪ್ಪನೆಯ ಗಂಟು ಎತ್ತಿ ತೋರಿಸಿ, "ನೋಡ್ರಿ, ಹೆಂಗಸಿನ ಕೈಯಾಂದು" ಎಂದರು. ನಾನು ನೋಡಿದೆ. ನಂಬಿದೆ.

ಅಲ್ಲಿಂದ ಅಗಡಿಗೆ ಬಂದು ಮತ್ತೆ ಮೂರು ದಿನ ಉಳಿದೆ, ಚೆನ್ನಾಗಿದ್ದೆ. ಬ್ಯಾಡಗಿಗೆ ಹೋಗಿ ನನ್ನ ಕೋಣೆಯಲ್ಲಿ ಎರಡು ರಾತ್ರಿ ಮಲಗಿದ್ದೇ ಎದೆ ಮತ್ತೆ ಕಟ್ಟಿತು. ಫೋನಿನಲ್ಲಿ ಅಕ್ಕ ಒಂದೇ ಮಾತು ಅಂದಳು: "ಮತ್ತ ಹಾಕ್ಯಾಳ."

ಎಲ್ಲವೂ ಕೂಡಿ ಬಂದಂತಿತ್ತು. ಅಗಡಿಯಲ್ಲಿ ಆರಾಮ, ಮನೆಯಲ್ಲಿ ಸಂಕಟ. ಎರಡೂ ಕಡೆಯ ಊಟ ಬೇರೆ ಎಂದು ನೋಡಿದೆ. ಎರಡೂ ಕಡೆಯ ಗೋಡೆ ಬೇರೆ ಎಂದು ನೋಡಲಿಲ್ಲ. ಯಾವ ಗೋಡೆಯ ಮೇಲೆ ಯಾವ ಹಲಗೆ ಬಡಿದಿದೆ ಎಂದು ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಶಾಂತವ್ವನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಆಕಿ ಮಾಡಿದ್ದು ನಾನೂ ಉಣ್ತೇನಿ, ನಿಮ್ಮ ಮಗಾನೂ ಉಣ್ತಾನ. ನಮಗೇನಾಗೇತಿ?"

"ನನಗಷ್ಟ ಹಾಕ್ತಾಳ."

"ಯಾಕ? ನಿಮ್ಮ ಹಾಸಿಗಿ ಬುಡಕ ಬಂಗಾರದ ಗಣಿ ಐತೇನು? ನಿಮ್ಮನ್ನ ಕೊಂದು ಆಕಿಗೇನು ಬರೂದೈತಿ, ಈ ಗೊರಕಿ ನಿಂದ್ರೂದು ಬಿಟ್ರ?"

ಹೆಂಡತಿಯ ಮಾತಿಗೆ ನಾನು ಕಿವಿಗೊಡಲಿಲ್ಲ. ಹಾವೇರಿಯ ಇಬ್ಬರು ಬಂಧುಗಳಿಗೆ ನಾನೇ ಹೇಳಿದೆ. ಯಾರಿಗೂ ಹೇಳಬೇಡಿ ಎಂದೂ ಹೇಳಿದೆ. ಹಾಗೆಂದರೆ ಎಲ್ಲರಿಗೂ ಹೇಳಿ ಎಂದೇ ಅರ್ಥ, ನನಗೆ ಅದು ತಿಳಿಯದ್ದಲ್ಲ.

ಹಾವೇರಿಯಲ್ಲಿ ಒಬ್ಬರ ಹೊಸ ಮನೆಯ ಊಟ. ಪಂಕ್ತಿ ಕೂತಿತ್ತು. ಬಡಿಸುವವರು ಕಡಿಮೆ ಬಿದ್ದರೆಂದು ಸುಜಾತಾ ಸೆರಗು ಸಿಕ್ಕಿಸಿಕೊಂಡು ಬದನೆಕಾಯಿ ಪಲ್ಯದ ಬಕೆಟ್ ಹಿಡಿದಳು. ಮೊದಲ ಎಲೆಯಲ್ಲಿದ್ದ ಹೆಂಗಸು ಎಲೆಯ ಮೇಲೆ ಕೈ ಅಡ್ಡ ಹಿಡಿದಳು, "ಸಾಕವಾ." ಎಲೆ ಖಾಲಿ ಇತ್ತು. ಎರಡನೆಯವರೂ ಕೈ ಅಡ್ಡ ಹಿಡಿದರು. ಮೂರನೆಯವರೂ. ಸುಜಾತಾ ಏನೂ ತಿಳಿಯದೆ ಒಂದೊಂದೇ ಎಲೆ ದಾಟಿ ಬಂದಳು. ಐದನೆಯದು ನನ್ನ ಎಲೆ. ಅವಳ ಮುಖದಲ್ಲಿ ಒಂದು ಬಗೆಯ ನಿರಾಳ ಕಂಡಿತು, ಮನೆಯವರ ಎಲೆ ಬಂತಲ್ಲ ಎಂಬಂತೆ. ಸೌಟು ಬಾಗಿಸಿದಳು.

ನಾನು ಕೈ ಅಡ್ಡ ಹಿಡಿದೆ.

ಅವಳು ನನ್ನ ಕೈಯನ್ನು ನೋಡಿದಳು, ಆಮೇಲೆ ಹಿಂದಿನ ಎಲೆಗಳನ್ನು ನೋಡಿದಳು. ಆಗ ಅವಳಿಗೆ ತಿಳಿಯಿತು. ಬಕೆಟ್ಟನ್ನು ಕೆಳಗಿಟ್ಟು ಹೋಗಲಿಲ್ಲ. ಪಂಕ್ತಿಯ ಕೊನೆಯವರೆಗೂ ನಡೆದು, ಪ್ರತಿಯೊಬ್ಬರ ಮುಂದೆಯೂ ಬಗ್ಗಿ, ಪ್ರತಿಯೊಬ್ಬರೂ ಬೇಡ ಎನ್ನುವುದನ್ನು ನೋಡಿ, ತುಂಬಿದ ಬಕೆಟ್ಟನ್ನು ಅಡಿಗೆಮನೆಗೆ ತಿರುಗಿ ಒಯ್ದಳು. ನನ್ನ ಜೀವನದಲ್ಲಿ ನಾನು ಕಂಡ ಧೈರ್ಯಗಳಲ್ಲಿ ಅದು ದೊಡ್ಡದು. ಅದಕ್ಕೆ ಕಾರಣ ನನ್ನ ಸಣ್ಣತನ.

ಮಂಜು ಅಂದೇ ಬೇರೆ ಮನೆ ಮಾಡೋಣ ಎಂದು ಕೂಗಾಡಿದ. ಅವಳೇ ಬೇಡ ಎಂದಳಂತೆ. "ಈಗ ಹ್ವಾದ್ರ ಅವರಂದದ್ದು ಖರೇ ಆಗ್ತದ" ಎಂದಳಂತೆ. ಸಂಜೆ ನನ್ನ ಊಟದ ತಾಟು ತಂದು ಎದುರಿಗೆ ಕುಳಿತಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಒಂದು ತುತ್ತು ತಾನು ತಿಂದಳು. ನುಂಗಿ, ನೀರು ಕುಡಿದು, ತಾಟನ್ನು ನನ್ನ ಕಡೆ ಸರಿಸಿದಳು.

"ಈಗ ಉಣ್ರಿ ಮಾವಾರ."

ಅಂದಿನಿಂದ ದಿನವೂ ಹೀಗೆಯೇ. ಬೆಳಿಗ್ಗೆ ಬಸ್ಸಿಗೆ ತಡವಾಗುತ್ತಿದ್ದರೂ ನಿಂತು ಒಂದು ತುತ್ತು ತಿಂದು ಹೋಗುತ್ತಿದ್ದಳು. ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ವಾರ ಅವಳು ನುಂಗಿದ ಮೇಲೂ ನಾನು ಸ್ವಲ್ಪ ಹೊತ್ತು ಕಾಯುತ್ತಿದ್ದೆ.

ಕೆಮ್ಮು ಕಡಿಮೆಯಾಗಲಿಲ್ಲ. ಆಗಲಾದರೂ ಬುದ್ಧಿ ಬರಬೇಕಿತ್ತು. ಒಂದು ಮುಂಜಾನೆ ಬಚ್ಚಲಿನಿಂದ ಹೊರಬರುತ್ತ ಬಾಗಿಲು ಹಿಡಿದು ಕುಸಿದೆ. ತುಟಿ ನೀಲಿಯಾಗಿತ್ತು ಎಂದು ಶಾಂತವ್ವ ಹೇಳುತ್ತಾಳೆ. ಮಂಜು ಪಾಳಿಯಲ್ಲಿದ್ದ. ಸುಜಾತಾ ರಜೆ ಹಾಕಿ, ಬಾಡಿಗೆ ಕಾರು ತರಿಸಿ, ನನ್ನನ್ನು ರಾಣೆಬೆನ್ನೂರಿನ ಎದೆರೋಗದ ಡಾಕ್ಟರ ಹತ್ತಿರ ಕರೆದೊಯ್ದಳು. ದಾರಿಯುದ್ದಕ್ಕೂ ಒಂದು ಕೈ ನನ್ನ ಬೆನ್ನಿಗೆ ಕೊಟ್ಟಿದ್ದಳು. ನಾನು ಯಾವ ಕೈಗೆ ಹೆದರಿದ್ದೆನೋ ಅದೇ ಕೈ.

ಅಲ್ಲಿ ಜನ ತುಂಬಿದ್ದರು. ಬುರ್ಖಾ ತೊಟ್ಟ ಒಬ್ಬ ಮುದುಕಿ ಎದ್ದು ನಿಂತು, "ಕುಂದ್ರಪಾ, ನನ್ನ ಪಾಳಿ ನಿನಗಿರ್ಲಿ. ನಂದು ಹಳೇ ದಮ್ಮು, ಎಲ್ಲಿ ಹೋಗೂದಿಲ್ಲ, ಕಾಯ್ತೈತಿ" ಎಂದಳು. ಸುಜಾತಾಳನ್ನು ತೋರಿಸಿ, "ಮಗಳೇನು?" ಎಂದು ಕೇಳಿದಳು. ಉಸಿರಿಲ್ಲದ್ದರಿಂದ ನಾನು ತಲೆಯಾಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ಗೊತ್ತಾಗಲಿಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎದೆಯ ಸ್ಕ್ಯಾನ್ ಮಾಡಿಸಿ, ಬೆಳಕಿಗೆ ಹಿಡಿದು, ಹೊಗೆ ಕವಿದಂತಿದ್ದ ಜಾಗಗಳನ್ನು ಸುಜಾತಾಳಿಗೆ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಪ್ರಶ್ನೆಗಳನ್ನು ಕೇಳತೊಡಗಿದರು. ಪಾರಿವಾಳ ಸಾಕೀರೇನ್ರಿ? ಇಲ್ಲ. ಕೌದಿ, ಗಾದಿ ಹಳೇವು ಅದಾವೇನು? ಇಲ್ಲ. ಯಾವ ಊರಿಗೆ ಹೋದರೆ ಆರಾಮ ಅನ್ನಿಸುತ್ತದೆ? ಅಗಡಿ ಎಂದೆ.

"ಹಂಗಾದ್ರ ನಿಮ್ಮ ಮನ್ಯಾಗ ಇರೂದು ಏನೋ ಅಗಡ್ಯಾಗ ಇಲ್ಲ. ಮನ್ಯಾಗ ಎಲ್ಯಾರ ಹಸಿ ಗ್ವಾಡಿ, ಬೂಸ್ರ ಬಂದಿದ್ದು ಐತೇನ್ರಿ ಯಜಮಾನ್ರ?"

ಆ ಕ್ಷಣ ನನಗೆ ಎಲ್ಲ ತಿಳಿಯಿತು. ಹಲಗೆ, ಕೋಟು, ಕಪ್ಪು ಚುಕ್ಕೆ, ಎಲ್ಲ ಒಮ್ಮೆಗೇ ಕಣ್ಣಿಗೆ ಬಂದವು. ಪಕ್ಕದ ಕುರ್ಚಿಯಲ್ಲಿ ಸುಜಾತಾ ಕುಳಿತಿದ್ದಳು. ಹೌದು ಎಂದರೆ ಹಾವೇರಿಯ ಆ ಪಂಕ್ತಿ, ಅಷ್ಟು ದಿನದ ತುತ್ತುಗಳು, ಎಲ್ಲ ನನ್ನ ಮೇಲೆ ಬರುತ್ತಿದ್ದವು.

"ಇಲ್ರಿ. ನಮ್ಮ ಮನಿ ಒಣಾ ಐತ್ರಿ. ನಾ ಹಸಿ ನೋಡೂದ್ರಾಗ ಜಲ್ಮಾ ಕಳದಾಂವ" ಎಂದೆ.

ಸುಜಾತಾ ನನ್ನ ಕಡೆ ತಿರುಗಿ ನೋಡಿದಳು. ನನ್ನ ಅಂಗಿ ಒಗೆಯುವವಳು ಅವಳೇ, ಬೂಸರಿನ ವಾಸನೆ ಅವಳ ಮೂಗಿಗೆ ಹೊಸದಲ್ಲ. ಉಸಿರು ಹೋಗುತ್ತಿರುವಾಗಲೂ ಮನುಷ್ಯ ಮಾನ ಕಾಯುತ್ತಾನೆ ಎಂದು ನಾನು ಕೇಳಿದ್ದೆ. ನಾನು ಕಾಯ್ದದ್ದು ಮಾನವನ್ನೂ ಅಲ್ಲ, ಒಂದು ಸುಳ್ಳನ್ನು.

ಗುಳಿಗೆ ಬರೆದುಕೊಟ್ಟರು. ಮುಖ ಊದುತ್ತದೆ, ಹಸಿವು ಹೆಚ್ಚುತ್ತದೆ, ಹೆದರಬೇಡಿ ಎಂದರು. ಕಾರಣ ಸಿಗದಿದ್ದರೆ ಗುಳಿಗೆ ಎಷ್ಟು ದಿನ ತಡೆದೀತು ಹೇಳಲಾರೆ ಎಂದೂ ಅಂದರು.

ಮರುದಿನ ಸುಜಾತಾ ನನ್ನ ಮುಂದೆ ಒಂದು ಮೊರ ಮೆಣಸಿನಕಾಯಿ ತಂದಿಟ್ಟಳು. "ಮಾವಾರ, ಇದ್ರಾಗ ಚೊಲೋ ಆರಿದ್ದು ಇಪ್ಪತ್ತು ಕಾಯಿ ನಿಮ್ಮ ಕೈಯಾರ ಆರಿಸಿಕೊಡ್ರಿ." ಯಾಕೆ ಎಂದು ಕೇಳಲಿಲ್ಲ. ಬಹಳ ದಿನಗಳ ಮೇಲೆ ಯಾರೋ ನನ್ನ ಕೈಗೆ ಕೆಲಸ ಕೊಟ್ಟಿದ್ದರು. ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸದ್ದು ಕೇಳಿ, ಇಪ್ಪತ್ತು ಆರಿಸಿದೆ. ಅವಳು ಹತ್ತು ಹತ್ತು ಎಣಿಸಿ, ಎರಡು ಅರಿವೆಯ ಚೀಲದಲ್ಲಿ ಹಾಕಿ ಒಯ್ದಳು. ನಾನು ಮರೆತೆ.

ಹನ್ನೆರಡು ದಿನ ಕಳೆದ ಮೇಲೆ, ರವಿವಾರ, ಎರಡೂ ಚೀಲ ತಂದು ನನ್ನ ಕೈಗಿತ್ತಳು. "ನೋಡಿ ಹೇಳ್ರಿ." ಮೊದಲನೆಯದರಲ್ಲಿ ಕೈ ಹಾಕಿದೆ. ಗಿಲಿಗಿಲಿ ಎಂದವು. ಎರಡನೆಯದರಲ್ಲಿ ಕೈ ಹಾಕುತ್ತಲೇ ಬೆರಳು ಹಿಂದೆ ಬಂದವು. ಕಾಯಿ ಮೆತ್ತಗಾಗಿ ಸದ್ದು ಸತ್ತಿತ್ತು. ತೊಟ್ಟಿನ ಬುಡಕ್ಕೆ ಬಿಳಿ ಹತ್ತಿತ್ತು. ಸೀಳಿದರೆ ಒಳಗೆ ಬೀಜಗಳ ಮೇಲೆ ಬೂದು ಹಸಿರು ರೋಮ.

ಅಭ್ಯಾಸಬಲದಿಂದ ಬಾಯಿ ಆಡಿತು. "ಇದ್ಯಾವ ಹೊಲಸು ಗೋದಾಮಿನ ಮಾಲು? ಇದನ್ನ ಹಿಂಗಿಟ್ಟಾಂವನ್ನ ಮಾರ್ಕೆಟ್ಟಿನ್ಯಾಗ ನಿಂದ್ರಗೊಡಬಾರದು."

"ಎರಡೂ ನೀವ ಆರಿಸಿದ್ವು ರೀ. ಒಂದು ಪಡಸಾಲ್ಯಾಗ ತೂಗಬಿಟ್ಟಿದ್ದೆ." ಅವಳು ಸ್ವಲ್ಪ ತಡೆದಳು. "ಇನ್ನೊಂದು ನಿಮ್ಮ ಕಪಾಟಿನ್ಯಾಗ, ಅಂಗಿ ನಡಕ."

ಅಡಿಗೆಮನೆಯ ಬಾಗಿಲಲ್ಲಿ ಶಾಂತವ್ವ ನಿಂತಿದ್ದಳು. ಸುಜಾತಾ ಡಾಕ್ಟರ ಮುಂದೆಯೇ ನನ್ನ ಸುಳ್ಳನ್ನು ಹಿಡಿಯಬಹುದಿತ್ತು. ಕಪಾಟು ತೆರೆದು ಊರಿಗೆ ತೋರಿಸಬಹುದಿತ್ತು. ಅವಳು ನನ್ನ ಕೈಯನ್ನೇ ಸಾಕ್ಷಿ ಕರೆದಳು, ನನ್ನ ಬಾಯಿಂದಲೇ ತೀರ್ಪು ಹೇಳಿಸಿದಳು. ಓದಿದವರು ಬಹಳ ಜನ ಇದ್ದಾರೆ. ಇಷ್ಟು ಮರ್ಯಾದೆಯಿಂದ ಒಬ್ಬ ಮುದುಕನ ತಪ್ಪನ್ನು ಅವನ ಕೈಗೆ ಇಡುವವರು ನಾನು ಬೇರೆ ಕಂಡಿಲ್ಲ.

"ಹಲಗಿ ಹಿಂದ ಐತವಾ. ನನಗ ಗೊತ್ತಿತ್ತು" ಎಂದೆ. ಇಷ್ಟು ಹೇಳುವುದಕ್ಕೆ ಮೂರು ಸಲ ಉಸಿರು ತೆಗೆದುಕೊಂಡೆ.

ಅಂದೇ ನನ್ನ ಹಾಸಿಗೆ ಪಡಸಾಲೆಗೆ ಬಂತು. ಹೇಳಿ ಕಳಿಸಿದ ಮೇಲೆ ಗೌಸುಸಾಬರು ಬಂದರು. ನನ್ನನ್ನು ಎದುರು ಮನೆಯ ಕಟ್ಟೆಗೆ ಕಳಿಸಿ, ಸುಜಾತಾ ಮೂಗು ಬಾಯಿ ಕಟ್ಟಿಕೊಂಡು ಅವರ ಜೊತೆ ಒಳಗೆ ನಿಂತಳು. ಹಲಗೆ ಕಿತ್ತಾಗ ಅದರ ಬೆನ್ನು ಕರಡಿಯ ಮೈಯಂತಿತ್ತಂತೆ. ಒಣ ಕಸಬರಿಗೆ ಆಡಿಸಬೇಡಿ, ಹಾರುತ್ತದೆ, ಹಸಿ ಅರಿವೆಯಿಂದ ಒರೆಸಿ ಎಂದು ಅವಳು ಹೇಳುತ್ತಿದ್ದುದು ಕಟ್ಟೆಯವರೆಗೆ ಕೇಳುತ್ತಿತ್ತು. ಬಟ್ಟೆಗಳನ್ನು ಕುದಿಸಿ ಬಿಸಿಲಿಗೆ ಹಾಕಿದಳು. ನನ್ನ ಕೋಟನ್ನು ಸುಟ್ಟರು. ಟೈಲ್ಸ್ ಒಡೆದಾಗ ಒಳಗಿನ ಪೈಪಿನ ಜೋಡಿನಿಂದ ಹನಿ ಬೀಳುತ್ತಿತ್ತು, ಮದುವೆಯ ಹಿಂದಿನ ವಾರದಿಂದ ಬೀಳುತ್ತಲೇ ಇತ್ತು.

ಗೌಸುಸಾಬರು ಕೈ ತೊಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ಬೈಯುತ್ತಾರೆಂದು ಕಾದೆ. "ಗ್ವಾಡಿ ಸುಳ್ಳು ಹೇಳೂದಿಲ್ರಿ ನಿಂಗಪ್ಪಾರ" ಎಂದರು. "ಹಲಿಗಿ ಹೇಳ್ತೈತಿ." ಈ ಸಲ ಪೈಪಿಗೆ ನೀರು ಬಿಟ್ಟು ನಾಲ್ಕು ದಿನ ಕಾದರು. ನಾನೂ ಕಾದೆ.

ಎರಡು ವಾರಕ್ಕೆ ಸಂಜೆಯ ಜ್ವರ ನಿಂತಿತು. ತಿಂಗಳಿಗೆ ಒಂದೇ ಉಸಿರಿನಲ್ಲಿ ಒಂದು ಇಡೀ ವಾಕ್ಯ ಹೇಳಿದೆ. ಗುಳಿಗೆಯಿಂದ ಮುಖ ಕುಂಬಳಕಾಯಿಯಾಯಿತು. "ಈಗ ನೋಡ್ರಿ, ಸೊಸಿ ಊಟ ಮೈಗೆ ಹತ್ತೈತಿ" ಎಂದು ಶಾಂತವ್ವ ಓಣಿಗೆಲ್ಲ ಕೇಳುವಂತೆ ಅಂದಳು. ಡಾಕ್ಟರ ಹತ್ತಿರ ಹೋದಾಗ ಸತ್ಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅವತ್ತ ಯಾಕ ಹೇಳ್ಲಿಲ್ರಿ?"

"ಸೊಸಿ ಬಾಜೂಕ ಕುಂತಿದ್ಲು ರೀ."

ಅವರಿಗೆ ಅರ್ಥವಾಯಿತೋ ಇಲ್ಲವೋ. ಎದೆಯ ಒಂದು ಭಾಗ ಗಟ್ಟಿಯಾಗಿದೆ, ಅದು ತಿರುಗಿ ಮೆತ್ತಗಾಗುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಬೇಕು ಎಂದರು. ಮೊದಲೇ ಬಂದಿದ್ದರೆ ಎಂದು ಅವರು ಹೇಳಲಿಲ್ಲ. ಆ ಒಂದು ಮಾತು ಹೇಳದೆ ಬಿಟ್ಟದ್ದಕ್ಕೆ ನಾನು ಅವರನ್ನು ದಿನವೂ ನೆನೆಯುತ್ತೇನೆ.

ಆ ಸಂಜೆ ಸುಜಾತಾ ತಾಟು ತಂದು ಎಂದಿನಂತೆ ತುತ್ತು ಮುರಿಯಲು ಕೈ ಹಾಕಿದಳು. ನಾನು ತಾಟನ್ನು ನನ್ನ ಕಡೆ ಎಳೆದುಕೊಂಡೆ. "ಇನ್ನ ಸಾಕವಾ. ನಂದು ತಪ್ಪಾತು" ಎಂದು ಕೈ ಮುಗಿದೆ.

ಅವಳು ಕೈ ಹಿಂದೆ ತೆಗೆದುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ಗಟ್ಟಿ ಇತ್ತು. "ನನ್ನ ಮುಂದ ಹೇಳಿದ್ರ ಏನಾತು ಮಾವಾರ? ನೀವು ಅಂದದ್ದು ನನ್ನ ಮುಂದ ಅಲ್ಲಲಾ."

ಖರೇ ಮಾತು. ಆ ವಾರವೇ ಅಗಡಿಗೆ ಹೋದೆ. ಅಕ್ಕನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಶೇಂಗಾ ಒಡೆಯುತ್ತ ಕುಳಿತಿದ್ದರು. ಎಲ್ಲರ ಎದುರಿಗೆ ಹೇಳಿದೆ: ಗೋಡೆ ನನ್ನದು, ಅವಸರ ನನ್ನದು, ಹಲಗೆ ನನ್ನದು, ಡಾಕ್ಟರಿಗೆ ಹೇಳಿದ ಸುಳ್ಳೂ ನನ್ನದು.

"ಹಂಗಾರ ವಾಂತ್ಯಾಗ ಬಂದ ಗಂಟು?" ಎಂದಳು ಅಕ್ಕ.

"ಅವರ ಕಡ್ಡ್ಯಾಗ ಇತ್ತೋ, ಕಷಾಯದಾಗ ಇತ್ತೋ ನನಗ ಗೊತ್ತಿಲ್ಲ. ಸುಜಾತಾನ ರೊಟ್ಟ್ಯಾಗ ಇರ್ಲಿಲ್ಲ."

"ಸೊಸಿ ಚೊಲೋ ಪಾಠಾ ಕಲಿಸಿ ಕಳಿಸ್ಯಾಳ" ಎಂದು ಒಬ್ಬಳು ಗೊಣಗಿದಳು. ಅಕ್ಕ ಶೇಂಗಾ ಒಡೆಯುತ್ತಲೇ ಇದ್ದಳು. ನಾನು ಹೊರಡುವಾಗ ಒಡೆದ ಕಾಳನ್ನೆಲ್ಲ ಒಂದು ಚೀಲಕ್ಕೆ ಸುರಿದು, "ಆಕಿಗೆ ಕೊಡು" ಎಂದಳು. ತಪ್ಪಾಯಿತು ಎನ್ನಲಿಲ್ಲ. ನಮ್ಮ ಮನೆತನದವರಿಗೆ ಆ ಮಾತು ಲಗೂ ಬರುವುದಿಲ್ಲ.

ಹಾವೇರಿಯ ಮನೆಗಳಿಗೂ ಹೋದೆ. ಮೊದಲ ಎಲೆಯಲ್ಲಿದ್ದ ಆ ಹೆಂಗಸು ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದಳು. "ನಾವೇನು ಕಂಡೇವಿ ಎಪ್ಪಾ? ಮನೀ ಹಿರ್ಯಾ ನೀನ ಹೇಳಿದಿ, ನಾವು ಕೈ ಅಡ್ಡ ಹಿಡದ್ವಿ. ಈಗ ನೀನ ಬಂದು ಅಲ್ಲಂತಿ. ಯಾವ್ದು ನಂಬೂಣು?" ಅವಳು ನಂಬಿದಳೋ ಇಲ್ಲವೋ ಇವತ್ತಿಗೂ ತಿಳಿಯದು. ಸುಜಾತಾ ಅದಾದ ಮೇಲೆ ಯಾವ ಪಂಕ್ತಿಯಲ್ಲೂ ಬಡಿಸಲು ಎದ್ದಿಲ್ಲ. ಯಾರಾದರೂ ಕರೆದರೆ, "ನಂದು ಉಣ್ಣಾಕ ಬಂದ ಪಾಳಿ" ಎಂದು ನಕ್ಕು ಕುಳಿತುಬಿಡುತ್ತಾಳೆ. ಅದನ್ನು ನಾನು ತಿರುಗಿ ಕೊಡಿಸಲಾರೆ.

ಕಳೆದ ತಿಂಗಳು ನಮ್ಮ ಹಿಂದಿನ ಓಣಿಯ ಒಬ್ಬಾಕೆ ಮನೆಗೆ ಬಂದಳು. ಗಂಡನಿಗೆ ನಾಲ್ಕು ತಿಂಗಳಿಂದ ಕೆಮ್ಮು. ಮದ್ದು ತೆಗೆಯುವವರ ವಿಳಾಸ ನನ್ನ ಹತ್ತಿರ ಇದೆಯೆಂದು ಕೇಳಿ ಬಂದಿದ್ದಳು. ಮನೆಗೆ ಹೊಸ ಸೊಸೆ ಬಂದು ವರ್ಷವೂ ಆಗಿಲ್ಲ ಎಂದು ದನಿ ಇಳಿಸಿ ಹೇಳಿದಳು. ಅಂದು ಸುಜಾತಾಳಿಗೆ ರಜೆ ಇತ್ತು. "ಮೊದ್ಲು ನಿಮ್ಮ ಮನಿ ತೋರಸ್ರಿ ಅಕ್ಕಾರ" ಎಂದು ಅವಳು ಚಪ್ಪಲಿ ಮೆಟ್ಟಿದಳು. ನಾನೂ ಹಿಂದೆ ಹೋದೆ.

ಸುಜಾತಾ ಕೋಣೆ ಕೋಣೆ ನೋಡಿದಳು. ಕಪಾಟು ತೆಗೆಸಿ ಗೋಡೆಗೆ ಅಂಗೈ ಒತ್ತಿದಳು, ನನಗೂ ಒತ್ತಲು ಹೇಳಿದಳು. ಗೋಡೆ ಒಣಗಿತ್ತು. ಎಲ್ಲಿಯೂ ಬೂಸರಿಲ್ಲ. "ಇಲ್ಲೇನೂ ಇಲ್ರಿ. ನಾಳೆ ಡಾಕ್ಟರ್ ಕಡ್ಯಾಕ ಕರಕೊಂಡು ಹೋಗ್ರಿ, ಸ್ಕ್ಯಾನ್ ಆಗ್ಲಿ" ಎಂದಳು. ಗೋಡೆಯಲ್ಲಿ ಇಲ್ಲ ಎಂದ ಕೂಡಲೇ ಆ ಅತ್ತೆ ಅಡಿಗೆಮನೆಯ ಕಡೆ ತಿರುಗಿ ನೋಡಿದಳು. ಆ ನೋಟ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಆ ಹೊಸ ಸೊಸೆ ಚಹಾ ತಂದಳು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಯಾರೂ ಕಪ್ಪಿಗೆ ಕೈ ಹಾಕಲಿಲ್ಲ. ಹಾಸಿಗೆಯಲ್ಲಿದ್ದ ಅವಳ ಮಾವ ಗೋಡೆಯ ಕಡೆ ಮುಖ ಮಾಡಿದ್ದ. ನಾನು ಎದ್ದು ಹೋಗಿ ಒಂದು ಕಪ್ಪು ತೆಗೆದುಕೊಂಡೆ. ಎಲ್ಲರೂ ನೋಡುತ್ತಿದ್ದಂತೆ ನಿಂತಲ್ಲೇ ಕುಡಿದೆ. "ಶುಂಠಿ ಚೊಲೋ ಹಾಕೀಯವಾ" ಎಂದು ಇನ್ನೊಂದು ಅರ್ಧ ಕಪ್ಪು ಹಾಕಿಸಿಕೊಂಡೆ. ಎರಡನೆಯ ಕಪ್ಪನ್ನು ಸುಜಾತಾ ತೆಗೆದುಕೊಂಡಳು. ಗುಟುಕು ನುಂಗಿ ಆ ಹುಡುಗಿಯ ಮುಖ ನೋಡಿ ನಕ್ಕಳು.

ಹಾಸಿಗೆಯಲ್ಲಿದ್ದವನು ಈ ಕಡೆ ಹೊರಳಿದ. ಒಂದಿಷ್ಟು ಕೆಮ್ಮಿದ. ಆಮೇಲೆ ಕೈ ಚಾಚಿದ.

"ಯವ್ವಾ, ನನಗೂ ಒಂದೀಟು ಕೊಡು."